ಆಕಾಶ ನೋಡಲು ಕಡಲಿಗಿಳಿದ ದೂರದರ್ಶಕ

ಮೆಡಿಟರೇನಿಯನ್ ಸಮುದ್ರದ ಮೂರೂವರೆ ಕಿಲೋಮೀಟರ್ ಆಳದಲ್ಲಿ ಕಾದು ನಿಂತಿರುವ ಗಾಜಿನ ಗೋಳಗಳಿಗೆ 2023ರಲ್ಲಿ ಸಿಕ್ಕ ನ್ಯೂಟ್ರಿನೊ, ಮನುಷ್ಯ ಈವರೆಗೆ ಗುರುತಿಸಿದ ನ್ಯೂಟ್ರಿನೊಗಳಲ್ಲೆಲ್ಲ ಅತಿ ಹೆಚ್ಚು ಶಕ್ತಿಯದು. ಅದರ ಶಕ್ತಿಯ ಅಂದಾಜು ಸಿಕ್ಕಿದೆ, ಬಂದ ದಿಕ್ಕು ತಿಳಿದಿದೆ. ಹುಟ್ಟೂರು ಮಾತ್ರ ಪತ್ತೆಯಾಗಿಲ್ಲ. ಅದನ್ನು ಹುಡುಕಬೇಕಾದರೆ ಆಕಾಶದ ಜೊತೆಗೆ ಕಡಲ ತಳವನ್ನೂ ಅಳೆಯಬೇಕಾಗಿದೆ.

ಸಿಸಿಲಿ ದ್ವೀಪದ ಆಗ್ನೇಯ ತುದಿಯಲ್ಲಿರುವ ಪೋರ್ಟೊಪಾಲೊ ಎಂಬ ಊರಿನ ತೀರದಿಂದ ಸುಮಾರು 80 ಕಿಲೋಮೀಟರ್ ಆಚೆ, 3,450 ಮೀಟರ್ ಆಳದಲ್ಲಿ, ಬಿಸಿಲು ಎಂದೂ ಮುಟ್ಟದ ನೆಲದ ಮೇಲೆ ಲಂಗರು ಹೂಡಿದ ಹಗ್ಗಗಳು 700 ಮೀಟರ್ ಎತ್ತರಕ್ಕೆ ನೆಟ್ಟಗೆ ನಿಂತಿವೆ. ಒಂದೊಂದು ಹಗ್ಗಕ್ಕೂ ಹದಿನೆಂಟು ಗಾಜಿನ ಗೋಳಗಳು, ಒಂದೊಂದು ಗೋಳದೊಳಗೂ ಅತಿ ಕ್ಷೀಣವಾದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ 31 ಫೋಟೊಮಲ್ಟಿಪ್ಲೈಯರ್ ನಳಿಕೆಗಳು. ಅಲ್ಲಿನ ನೀರಿನ ಒತ್ತಡ ನೆಲದ ಮೇಲಿನ ಗಾಳಿಯ ಒತ್ತಡದ ಸುಮಾರು 350 ಪಟ್ಟು.

2023ರ ಫೆಬ್ರವರಿ 13ರಂದು, ಭಾರತದಲ್ಲಿ ಬೆಳಗಿನ 6 ಗಂಟೆ 46 ನಿಮಿಷವಾಗಿದ್ದಾಗ, ಈ ಕತ್ತಲೆಯನ್ನು ಅಡ್ಡಲಾಗಿ ಸೀಳಿಕೊಂಡು ಒಂದೇ ಒಂದು ಕಣ ಹಾಯ್ದು ಹೋಯಿತು. ಆ ಹೊತ್ತಿಗೆ ಅಲ್ಲಿ ಕೆಲಸ ಮಾಡುತ್ತಿದ್ದುದು 21 ಹಗ್ಗಗಳಷ್ಟೇ ಆದರೂ, ಕಣದ ಜಾಡಿನಲ್ಲಿ ಹೊಮ್ಮಿದ ನೀಲಿ ಬೆಳಕು ಸೆಕೆಂಡಿನ ಲಕ್ಷದ ಒಂದಂಶಕ್ಕಿಂತಲೂ ಕಡಿಮೆ ಅವಧಿಯಲ್ಲಿ 3,672 ನಳಿಕೆಗಳನ್ನು, ಎಂದರೆ ಚಾಲನೆಯಲ್ಲಿದ್ದವುಗಳ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಒಮ್ಮೆಲೇ ತಟ್ಟಿತು.

ಸುಮಾರು ಎರಡು ವರ್ಷಗಳ ಪರಿಶೀಲನೆಯ ನಂತರ, 2025ರ ಫೆಬ್ರವರಿಯಲ್ಲಿ, ಕೆಎಂ3ನೆಟ್ ಎಂಬ ಅಂತರರಾಷ್ಟ್ರೀಯ ವಿಜ್ಞಾನಿ ಬಳಗ ಈ ಘಟನೆಯ ವಿವರವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. ಹಾಯ್ದು ಹೋದ ಕಣ ಎಲೆಕ್ಟ್ರಾನಿನ ಭಾರದ ಬಂಧುವಾದ ಮ್ಯುವಾನ್. ಅದನ್ನು ಹುಟ್ಟಿಸಿದ್ದು ಸುಮಾರು 220 ಪೆಟಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ನ್ಯೂಟ್ರಿನೊ. ಒಂದು ಪೆಟಾ ಎಂದರೆ ಒಂದರ ಮುಂದೆ ಹದಿನೈದು ಸೊನ್ನೆ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ ಎರಡು ಮೂರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಿರುತ್ತದೆ ಎಂಬುದನ್ನೂ, ಜಿನೀವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ಒಂದು ಪ್ರೋಟಾನಿಗೆ ಕೊಡಬಲ್ಲ ಶಕ್ತಿಗಿಂತ ಇದು ಮೂವತ್ತು ಸಾವಿರ ಪಟ್ಟು ಹೆಚ್ಚು ಎಂಬುದನ್ನೂ ಗಮನಿಸಿದರೆ ಈ ಸಂಖ್ಯೆಯ ಅಗಾಧತೆ ಅರಿವಿಗೆ ಬರುತ್ತದೆ.

ಇಷ್ಟು ಶಕ್ತಿಯನ್ನು ಒಂದು ಕಣಕ್ಕೆ ತುಂಬಿದ್ದು ವಿಶ್ವದ ಯಾವ ಮೂಲೆ ಎಂಬ ಪ್ರಶ್ನೆಗೆ ಉತ್ತರವಿನ್ನೂ ಸಿಕ್ಕಿಲ್ಲ. ಸಮುದ್ರದೊಳಗಿನ ದೂರದರ್ಶಕಗಳೆಲ್ಲ ಹುಟ್ಟಿಕೊಂಡಿರುವುದೇ ಆ ಬಗೆಯ ಪ್ರಶ್ನೆಗಳಿಗಾಗಿ.

### ಶತಮಾನ ದಾಟಿದ ಒಗಟು

ಈ ಹುಡುಕಾಟದ ಬೇರು 1912ರಲ್ಲಿದೆ. ಆ ವರ್ಷದ ಆಗಸ್ಟ್ 7ರಂದು ಆಸ್ಟ್ರಿಯದ ವಿಜ್ಞಾನಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಎತ್ತರಕ್ಕೇರಿ, ಮೇಲೆ ಹೋದಂತೆ ವಿಕಿರಣ ಹೆಚ್ಚುವುದನ್ನು ಅಳೆದು, ಅದು ಭೂಮಿಯ ಹೊರಗಿನಿಂದ ಬರುತ್ತಿದೆಯೆಂದು ತೋರಿಸಿದರು. ಈಗ ವಿಶ್ವಕಿರಣಗಳೆಂದು ಕರೆಯಲಾಗುವ ಇವು ನಿಜಕ್ಕೂ ಕಿರಣಗಳಲ್ಲ. ಬೆಳಕಿನ ವೇಗಕ್ಕೆ ತೀರ ಹತ್ತಿರದ ವೇಗದಲ್ಲಿ ಧಾವಿಸುವ ಪ್ರೋಟಾನುಗಳು ಮತ್ತು ಪರಮಾಣು ಬೀಜಗಳು.

ಅವು ಇವೆಯೆಂದು ಗೊತ್ತಾಗಿ ನೂರು ವರ್ಷ ಕಳೆದರೂ, ಅವುಗಳಲ್ಲಿ ಅತ್ಯಧಿಕ ಶಕ್ತಿಯವು ಎಲ್ಲಿಂದ ಬರುತ್ತವೆಂಬುದು ಬಗೆಹರಿಯದಿರಲು ಕಾರಣ ಸರಳವಾಗಿದೆ. ಪ್ರೋಟಾನಿಗೆ ವಿದ್ಯುದಂಶವಿರುವುದರಿಂದ ಗೆಲಾಕ್ಸಿಗಳೊಳಗಿನ ಮತ್ತು ಅವುಗಳ ನಡುವಿನ ಕಾಂತಕ್ಷೇತ್ರಗಳು ಅದರ ದಾರಿಯನ್ನು ಮತ್ತೆ ಮತ್ತೆ ಬಾಗಿಸುತ್ತವೆ. ಭೂಮಿಗೆ ತಲುಪುವಾಗ ಅದು ಬರುವ ದಿಕ್ಕಿಗೂ ಹೊರಟ ದಿಕ್ಕಿಗೂ ಸಂಬಂಧ ಉಳಿದಿರುವುದಿಲ್ಲ. ವಿದ್ಯುದಂಶವಿಲ್ಲದ ಗಾಮಾ ಕಿರಣಗಳು ನೇರವಾಗಿ ಬರಬಲ್ಲವಾದರೂ, ಅತಿ ಹೆಚ್ಚಿನ ಶಕ್ತಿಯವು ಆಕಾಶವನ್ನೆಲ್ಲ ತುಂಬಿರುವ ಮಂದ ವಿಕಿರಣಕ್ಕೆ ಡಿಕ್ಕಿ ಹೊಡೆದು ದಾರಿಯಲ್ಲೇ ನಾಶವಾಗುತ್ತವೆ.

ಇವೆರಡೂ ಅಡ್ಡಿಗಳು ನ್ಯೂಟ್ರಿನೊಗಿಲ್ಲ. ವೇಗ ಪಡೆದ ಪ್ರೋಟಾನು ತನ್ನ ಹುಟ್ಟುನೆಲೆಯ ಸುತ್ತಲಿನ ಅನಿಲಕ್ಕೋ ಬೆಳಕಿಗೋ ಬಡಿದಾಗ ಪಯಾನ್ ಎಂಬ ಅಲ್ಪಾಯುವಾದ ಕಣಗಳು ಹುಟ್ಟುತ್ತವೆ. ವಿದ್ಯುದಂಶವಿರುವ ಪಯಾನುಗಳು ಒಡೆದು ನ್ಯೂಟ್ರಿನೊಗಳನ್ನು ಹೊರಚೆಲ್ಲುತ್ತವೆ. ವಿದ್ಯುದಂಶವಿಲ್ಲದ, ವಸ್ತುವಿನೊಡನೆ ಬಹುಮಟ್ಟಿಗೆ ವ್ಯವಹರಿಸದ ನ್ಯೂಟ್ರಿನೊ ಧೂಳಿನ ಮೋಡಗಳನ್ನೂ ನಕ್ಷತ್ರಗಳನ್ನೂ ಹಾಯ್ದು ಗೆರೆ ಎಳೆದಂತೆ ನೇರವಾಗಿ ಬರುತ್ತದೆ. ಆದ್ದರಿಂದ ಅದು ಬಂದ ದಿಕ್ಕನ್ನು ಹಿಂದಕ್ಕೆ ಹಿಡಿದು ಹೋದರೆ ವಿಶ್ವಕಿರಣಗಳ ಕಾರ್ಖಾನೆಯೇ ಸಿಗಬೇಕು.

ಆದರೆ ನ್ಯೂಟ್ರಿನೊವನ್ನು ಇಷ್ಟು ಒಳ್ಳೆಯ ಸಂದೇಶವಾಹಕವನ್ನಾಗಿಸಿದ ಗುಣವೇ ಅದನ್ನು ಹಿಡಿಯುವುದಕ್ಕೆ ದೊಡ್ಡ ತೊಡಕಾಗಿದೆ. ಸೂರ್ಯನಿಂದ ಹೊರಟ ಸುಮಾರು 6,500 ಕೋಟಿ ನ್ಯೂಟ್ರಿನೊಗಳು ಭೂಮಿಯ ಮೇಲಿನ ಪ್ರತಿ ಚದರ ಸೆಂಟಿಮೀಟರನ್ನು ಪ್ರತಿ ಸೆಕೆಂಡೂ ಹಾಯ್ದು ಹೋಗುತ್ತಿದ್ದರೂ ಯಾರಿಗೂ ಅದರ ಸುಳಿವು ಸಿಗುವುದಿಲ್ಲ. ದೂರದ ಗೆಲಾಕ್ಸಿಗಳಿಂದ ಬರುವ ಅಧಿಕ ಶಕ್ತಿಯ ನ್ಯೂಟ್ರಿನೊಗಳು ಸಂಖ್ಯೆಯಲ್ಲಿ ಅದಕ್ಕಿಂತ ಎಷ್ಟೋ ವಿರಳ. ವರ್ಷಕ್ಕೆ ಕೆಲವನ್ನಾದರೂ ಹಿಡಿಯಬೇಕಾದರೆ ಒಂದು ಘನ ಕಿಲೋಮೀಟರಿನಷ್ಟು ಪಾರದರ್ಶಕ ವಸ್ತುವನ್ನು ಸದಾ ಕಾಯುತ್ತಿರಬೇಕು. ಅಷ್ಟು ದೊಡ್ಡ ತೊಟ್ಟಿಯನ್ನು ಯಾವ ದೇಶವೂ ಕಟ್ಟಲಾರದು.

### ನೀರು, ಕತ್ತಲೆ ಮತ್ತು ನೀಲಿ ಬೆಳಕು

ಕಟ್ಟಬೇಕಾಗಿಲ್ಲ, ಪ್ರಕೃತಿಯೇ ಕೊಟ್ಟಿದೆ ಎಂದು 1960ರಲ್ಲಿ ಹೇಳಿದವರು ಸೋವಿಯತ್ ಭೌತವಿಜ್ಞಾನಿ ಮೊಯಿಸೆ ಮಾರ್ಕೊವ್. ಆಳವಾದ ಸರೋವರದಲ್ಲಿ ಅಥವಾ ಸಮುದ್ರದಲ್ಲಿ ಬೆಳಕುಗ್ರಾಹಿಗಳನ್ನು ಇಳಿಬಿಟ್ಟು, ನ್ಯೂಟ್ರಿನೊ ಹುಟ್ಟಿಸುವ ಕಣಗಳು ಹಾಯುವ ದಿಕ್ಕನ್ನು ಚೆರೆಂಕೋವ್ ಬೆಳಕಿನ ನೆರವಿನಿಂದ ಅಳೆಯಬಹುದೆಂಬುದು ಅವರ ಸಲಹೆಯಾಗಿತ್ತು. ಇಂದಿನ ಎಲ್ಲ ಜಲಗತ ದೂರದರ್ಶಕಗಳೂ ಈ ಒಂದು ಸಲಹೆಯ ವಿಸ್ತರಣೆಗಳೇ.

ಚೆರೆಂಕೋವ್ ಬೆಳಕಿನ ತತ್ತ್ವ ಹೀಗಿದೆ. ನಿರ್ವಾತದಲ್ಲಿ ಬೆಳಕನ್ನು ಮೀರಿಸುವ ವೇಗ ಯಾವುದಕ್ಕೂ ಇಲ್ಲ. ಆದರೆ ನೀರಿನೊಳಗೆ ಬೆಳಕಿನ ವೇಗ ಸುಮಾರು ಮುಕ್ಕಾಲು ಪಾಲಿಗೆ ಇಳಿಯುವುದರಿಂದ, ಅಲ್ಲಿ ವಿದ್ಯುದಂಶವುಳ್ಳ ಕಣವೊಂದು ಬೆಳಕನ್ನು ಹಿಂದೆ ಹಾಕಿ ಓಡಬಲ್ಲದು. ವೇಗವಾಗಿ ಹೋಗುವ ದೋಣಿಯ ಎರಡೂ ಬದಿಗೆ ಅಲೆಗಳು ಓರೆಯಾಗಿ ಚಾಚಿಕೊಳ್ಳುವಂತೆ, ಇಂಥ ಕಣದ ಸುತ್ತ ನೀಲಿ ಬೆಳಕಿನ ಶಂಕುವೊಂದು ಚಾಚಿಕೊಳ್ಳುತ್ತದೆ. 1934ರಲ್ಲಿ ಈ ಬೆಳಕನ್ನು ಗುರುತಿಸಿದ ಪಾವೆಲ್ ಚೆರೆಂಕೋವ್ ಅವರಿಗೂ, ಅದರ ಕಾರಣವನ್ನು ವಿವರಿಸಿದ ಇಲ್ಯಾ ಫ್ರಾಂಕ್ ಮತ್ತು ಇಗೋರ್ ಟಾಮ್ ಅವರಿಗೂ 1958ರ ನೊಬೆಲ್ ಪ್ರಶಸ್ತಿ ಸಂದಿತು.

ನೀರಿನಲ್ಲಿ ಈ ಬೆಳಕು ಕಣದ ದಾರಿಗೆ ಸುಮಾರು 42 ಡಿಗ್ರಿ ಕೋನದಲ್ಲಿ ಹೊರಡುತ್ತದೆ. ಕೋನ ನಿಶ್ಚಿತವಾಗಿರುವುದರಿಂದ, ಬೇರೆ ಬೇರೆ ಗೋಳಗಳಿಗೆ ಬೆಳಕು ತಲುಪಿದ ಕ್ಷಣಗಳನ್ನು ನ್ಯಾನೊಸೆಕೆಂಡಿನ, ಎಂದರೆ ಸೆಕೆಂಡಿನ ನೂರು ಕೋಟಿಯ ಒಂದಂಶದ, ನಿಖರತೆಯಲ್ಲಿ ಹೋಲಿಸಿದರೆ ಮ್ಯುವಾನಿನ ಹಾದಿಯನ್ನು ಮರುರಚಿಸಬಹುದು. ಶಕ್ತಿ ಹೆಚ್ಚಿದಷ್ಟೂ ಮ್ಯುವಾನಿನ ಹಾದಿ ಅದನ್ನು ಹುಟ್ಟಿಸಿದ ನ್ಯೂಟ್ರಿನೊದ ಹಾದಿಗೆ ಹತ್ತಿರವಾಗುವುದರಿಂದ, ಒಂದು ದೊರೆತರೆ ಇನ್ನೊಂದೂ ದೊರೆತಂತೆ.

ಉಪಕರಣವನ್ನು ಇಷ್ಟು ಆಳಕ್ಕೆ ಇಳಿಸುವ ಉದ್ದೇಶ ಕತ್ತಲೆಯೊಂದೇ ಅಲ್ಲ. ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದು ಹುಟ್ಟಿಸುವ ಮ್ಯುವಾನುಗಳು ಮೇಲಿನಿಂದ ಮಳೆಯಂತೆ ಸುರಿಯುತ್ತಿರುತ್ತವೆ. ಅವುಗಳ ಬಹುಪಾಲನ್ನು ಮೇಲಿನ ನೀರಿನ ರಾಶಿ ಹೀರಿಕೊಂಡರೂ, ಉಳಿದವು ನ್ಯೂಟ್ರಿನೊಗಳಿಂದ ಹುಟ್ಟುವ ಮ್ಯುವಾನುಗಳಿಗಿಂತ ಲಕ್ಷಾಂತರ ಪಟ್ಟು ಹೆಚ್ಚಾಗಿರುತ್ತವೆ. ಆ ಕಾರಣ ಈ ದೂರದರ್ಶಕಗಳು ಮುಖ್ಯವಾಗಿ ಕೆಳಗಿನಿಂದ ಮೇಲಕ್ಕೆ ಬರುವ ಕಣಗಳ ಮೇಲೆ ಕಣ್ಣಿಡುತ್ತವೆ: ಇಡೀ ಭೂಗೋಳವನ್ನು ತೂರಿ ಬರಬಲ್ಲದ್ದು ನ್ಯೂಟ್ರಿನೊ ಮಾತ್ರ.

> ಕೆಜಿಎಫ್: ನೆಲದಾಳದ ಮೊದಲ ಸಾಕ್ಷ್ಯ
>
> ವಿಶ್ವಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಗುರುತಿಸಿದ ಎರಡು ತಾಣಗಳಲ್ಲಿ ಒಂದು ಕೋಲಾರದ ಚಿನ್ನದ ಗಣಿ. ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಡರ್‌ಹಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಡೆಸಿದ ಪ್ರಯೋಗದ ಫಲಿತಾಂಶ 1965ರ ಆಗಸ್ಟಿನಲ್ಲಿ ಪ್ರಕಟವಾಯಿತು.
>
> ಬಹುತೇಕ ಅದೇ ವೇಳೆಗೆ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಇದೇ ಫಲಿತಾಂಶ ಪಡೆದಿತ್ತು.
>
> ಕೋಲಾರದ ಪ್ರಯೋಗಗಳಿಗೆ ಎಂ.ಜಿ.ಕೆ. ಮೆನನ್ ಅವರೊಡನೆ ಹೆಗಲು ಕೊಟ್ಟವರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಪ್ರಮುಖರು, ಮುಂದೆ ಅವರು ಟಾಟಾ ಸಂಸ್ಥೆಯ ನಿರ್ದೇಶಕರಾದರು.

### ಹವಾಯಿಯ ಸೋಲು, ಬೈಕಲ್‌ನ ಹಟ

ಮಾರ್ಕೊವ್ ಸಲಹೆಯನ್ನು ಕಾರ್ಯಕ್ಕಿಳಿಸುವ ಮೊದಲ ದೊಡ್ಡ ಯತ್ನ ಅಮೆರಿಕದ ಡ್ಯುಮಾಂಡ್ ಯೋಜನೆ. 1970ರ ದಶಕದಲ್ಲಿ ರೂಪುಗೊಂಡ ಈ ಯೋಜನೆ ಹವಾಯಿ ದ್ವೀಪದ ಬಳಿ ಸುಮಾರು 4,800 ಮೀಟರ್ ಆಳವನ್ನು ಆರಿಸಿಕೊಂಡಿತು. ನ್ಯೂಟ್ರಿನೊವನ್ನು 1956ರಲ್ಲಿ ಮೊದಲ ಬಾರಿ ಪತ್ತೆಹಚ್ಚಿದ ಇಬ್ಬರಲ್ಲಿ ಒಬ್ಬರಾದ ರೈನ್ಸ್ ಅವರೂ ಇದರ ಪ್ರವರ್ತಕರಲ್ಲಿದ್ದರು. 1993ರ ಡಿಸೆಂಬರಿನಲ್ಲಿ ಇಳಿಸಿದ ಮೊದಲ ಹಗ್ಗ, ನೀರು ಒಳನುಗ್ಗಿ ಶಾರ್ಟ್ ಸರ್ಕ್ಯೂಟ್ ಆದುದರಿಂದ ಒಂದು ದಿನ ತುಂಬುವ ಮೊದಲೇ ಕೆಟ್ಟು ಹೋಯಿತು; 1995ರಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಸೋವಿಯತ್ ಒಕ್ಕೂಟದಲ್ಲಿ 1980ರಲ್ಲಿ ಆರಂಭವಾದ ಬೈಕಲ್ ಯೋಜನೆಯ ದಾರಿ ಬೇರೆಯಾಗಿತ್ತು. ಸೈಬೀರಿಯದ ಬೈಕಲ್ ಸರೋವರ ದಡದಿಂದ ನಾಲ್ಕು ಕಿಲೋಮೀಟರಿನೊಳಗೇ 1,366 ಮೀಟರ್ ಆಳಕ್ಕಿಳಿಯುತ್ತದೆ. ಚಳಿಗಾಲದಲ್ಲಿ ಅದರ ಮೇಲೆ ಲಾರಿಗಳೇ ಓಡಾಡುವಷ್ಟು ಗಟ್ಟಿಯಾದ ಮಂಜುಗಡ್ಡೆ ಕಟ್ಟುತ್ತದೆ. ಹಡಗುಗಳಿಗೆ ಕಾಯುವ ಗೋಜಿಲ್ಲದೆ, ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಂಜುಗಡ್ಡೆಯಲ್ಲಿ ತೂತು ಕೊರೆದು ಹಗ್ಗಗಳನ್ನು ಇಳಿಸುವ, ಕೆಟ್ಟವನ್ನು ಮೇಲೆತ್ತಿ ದುರಸ್ತಿ ಮಾಡುವ ಪದ್ಧತಿ ಅಲ್ಲಿ ಬೆಳೆಯಿತು. ಗ್ರಿಗೊರಿ ಡೊಮೊಗಾಟ್ಸ್ಕಿ ಅವರ ನಾಯಕತ್ವದ ಈ ತಂಡ, ಒಕ್ಕೂಟವೇ ಕುಸಿದ ಕಾಲದಲ್ಲೂ ಕೆಲಸ ನಿಲ್ಲಿಸದೆ, 1990ರ ದಶಕದಲ್ಲಿ ನೀರಿನೊಳಗಿನ ಉಪಕರಣದಿಂದ ಮೊದಲ ಬಾರಿಗೆ ನ್ಯೂಟ್ರಿನೊಗಳನ್ನು ದಾಖಲಿಸಿತು. ಅದರ ಬೃಹತ್ ರೂಪವಾದ ಬೈಕಲ್-ಜಿವಿಡಿ 2021ರ ಮಾರ್ಚ್ 13ರಂದು ಉದ್ಘಾಟನೆಗೊಂಡಿತು.

ಉಪ್ಪು ನೀರಿನಲ್ಲಿಯೂ ಇದು ಸಾಧ್ಯವೆಂದು ತೋರಿಸಿದ್ದು ಆಂಟಾರೆಸ್. ಫ್ರಾನ್ಸಿನ ತುಲೋನ್ ನಗರದ ತೀರದಿಂದ 40 ಕಿಲೋಮೀಟರ್ ದೂರ, 2,475 ಮೀಟರ್ ಆಳದಲ್ಲಿ, ಹನ್ನೆರಡು ಹಗ್ಗಗಳಲ್ಲಿ 885 ಬೆಳಕುಗ್ರಾಹಿಗಳನ್ನು ಹೊತ್ತು 2008ರಲ್ಲಿ ಪೂರ್ಣಗೊಂಡ ಅದು 2022ರ ಫೆಬ್ರವರಿಯವರೆಗೆ ದುಡಿಯಿತು. ಖಚಿತವಾದ ಯಾವ ನೆಲೆಯನ್ನೂ ಅದು ಗುರುತಿಸಲಿಲ್ಲ. ಆದರೆ ಅದರ ಅನುಭವದ ಮೇಲೆಯೇ ಕೆಎಂ3ನೆಟ್ ನಿಂತಿದೆ.

### ಗೋಳದೊಳಗೆ, ಹಗ್ಗದ ಮೇಲೆ

ಕೆಎಂ3ನೆಟ್‌ನ ಜೀವಾಳ 44 ಸೆಂಟಿಮೀಟರ್ ವ್ಯಾಸದ ಗಾಜಿನ ಗೋಳ. ಹಿಂದಿನ ಉಪಕರಣಗಳು ಒಂದು ಗೋಳಕ್ಕೆ ಒಂದು ದೊಡ್ಡ ನಳಿಕೆಯನ್ನು ಇಡುತ್ತಿದ್ದರೆ, ಇಲ್ಲಿ ಮೂರಂಗುಲದ 31 ಸಣ್ಣ ನಳಿಕೆಗಳನ್ನು ಎಲ್ಲ ದಿಕ್ಕುಗಳಿಗೂ ಮುಖ ಮಾಡಿ ಜೋಡಿಸಲಾಗಿದೆ. ಅವುಗಳಲ್ಲಿ 19 ಕೆಳಗಿನ ಅರ್ಧದಲ್ಲಿ, 12 ಮೇಲಿನ ಅರ್ಧದಲ್ಲಿ ಇವೆ. ಬೆಳಕು ಯಾವ ಬದಿಯಿಂದ ಬಂತೆಂಬುದನ್ನು ಒಂದೇ ಗೋಳ ಹೇಳಬಲ್ಲದು ಎಂಬುದು ಈ ವಿನ್ಯಾಸದ ಲಾಭ. ನಳಿಕೆಗಳ ಜೊತೆಗೆ ವಾಲುವಿಕೆ ಅಳೆಯುವ ಸಾಧನ, ದಿಕ್ಸೂಚಿ ಮತ್ತು ಶಬ್ದಗ್ರಾಹಿಯೂ ಅದರೊಳಗಿವೆ.

ಏಳುನೂರು ಮೀಟರ್ ಉದ್ದದ ಹಗ್ಗವನ್ನು ಸಿಕ್ಕಾಗದಂತೆ ತಳಕ್ಕಿಳಿಸುವ ವಿಧಾನವೂ ಜಾಣತನದ್ದು. ಸುಮಾರು ಎರಡು ಮೀಟರ್ ವ್ಯಾಸದ ದುಂಡನೆಯ ಲೋಹದ ಚೌಕಟ್ಟಿಗೆ ಹಗ್ಗವನ್ನೂ ಗೋಳಗಳನ್ನೂ ಸುತ್ತಿ, ಲಂಗರಿನ ಸಮೇತ ಹಡಗಿನಿಂದ ತಳಕ್ಕೆ ಇಳಿಸುತ್ತಾರೆ. ದೂರನಿಯಂತ್ರಿತ ಜಲವಾಹನ ಕೇಬಲನ್ನು ಜೋಡಿಸಿ ಕೊಂಡಿ ಬಿಡಿಸಿದೊಡನೆ ಚೌಕಟ್ಟು ಉರುಳುತ್ತ ಮೇಲೇಳುತ್ತದೆ, ಹಗ್ಗ ಒಂದೊಂದೇ ಸುತ್ತು ಬಿಚ್ಚಿಕೊಂಡು ನಿಲ್ಲುತ್ತದೆ. ಖಾಲಿ ಚೌಕಟ್ಟು ತೇಲಿ ಮೇಲೆ ಬಂದರೆ ಅದನ್ನು ಮುಂದಿನ ಹಗ್ಗಕ್ಕೆ ಮತ್ತೆ ಬಳಸುತ್ತಾರೆ.

ಆಳದ ಕಡಲು ಪೂರ್ಣ ಕತ್ತಲೆಯಲ್ಲ. ಉಪ್ಪಿನ ಜೊತೆಗಿರುವ ವಿಕಿರಣಶೀಲ ಪೊಟ್ಯಾಸಿಯಂ-40 ಕ್ಷಯಿಸುವಾಗ ಹೊಮ್ಮುವ ಎಲೆಕ್ಟ್ರಾನುಗಳೂ ಚೆರೆಂಕೋವ್ ಬೆಳಕು ಬೀರುತ್ತವೆ. ಈ ಮಿಣುಕು ಎಲ್ಲೆಡೆ ಒಂದೇ ಪ್ರಮಾಣದಲ್ಲಿರುವುದರಿಂದ ವಿಜ್ಞಾನಿಗಳು ಅದನ್ನು ನಳಿಕೆಗಳ ಸೂಕ್ಷ್ಮತೆಯನ್ನು ಸರಿಹೊಂದಿಸಿಕೊಳ್ಳಲು ಬಳಸುತ್ತಾರೆ. ಬೈಕಲ್‌ನ ಸಿಹಿ ನೀರಿನಲ್ಲಿ ಈ ಪೊಟ್ಯಾಸಿಯಂ ತೊಂದರೆ ಇಲ್ಲ.

ಬೆಳಕು ಬೀರುವ ಜೀವಿಗಳು ಇನ್ನೊಂದು ಅಡಚಣೆ. 2009 ಮತ್ತು 2010ರಲ್ಲಿ ಆಂಟಾರೆಸ್ ದಾಖಲಿಸಿದ ಜೈವಿಕ ದೀಪ್ತಿಯ ಉಬ್ಬರಗಳನ್ನು ಪರಿಶೀಲಿಸಿದಾಗ, ಚಳಿಗಾಲದಲ್ಲಿ ತಂಪಾದ ಮೇಲ್ಮೈ ನೀರು ಭಾರವಾಗಿ ತಳಕ್ಕಿಳಿದು, ಆಮ್ಲಜನಕ ಮತ್ತು ಆಹಾರವನ್ನು ಒಯ್ದು, ಅಲ್ಲಿನ ಜೀವಿಗಳನ್ನು ಚುರುಕುಗೊಳಿಸಿದ್ದು ಕಂಡುಬಂತು. ಭೌತವಿಜ್ಞಾನಿಗಳಿಗೆ ಗದ್ದಲವಾಗಿದ್ದ ಅಂಕಿಗಳು ಸಾಗರವಿಜ್ಞಾನಿಗಳಿಗೆ ಆಧಾರ ಸಾಮಗ್ರಿಯಾದವು. ಸಿಸಿಲಿಯ ಬಳಿ ಇದೇ ಸಂಶೋಧನೆಯ ಪೂರ್ವಸಿದ್ಧತೆಗಾಗಿ ಇಳಿಸಿದ್ದ ಶಬ್ದಗ್ರಾಹಿಗಳು ಸ್ಪರ್ಮ್ ತಿಮಿಂಗಿಲಗಳ ಓಡಾಟ ಆ ನೀರಿನಲ್ಲಿ ಅಂದುಕೊಂಡದ್ದಕ್ಕಿಂತ ಹೆಚ್ಚೆಂಬುದನ್ನು ತಿಳಿಸಿದವು.

> ಸಂಖ್ಯೆಗಳಲ್ಲಿ ಕೆಎಂ3ನೆಟ್
>
> ಆರ್ಕಾ (ಸಿಸಿಲಿ): 3,450 ಮೀಟರ್ ಆಳ. ಪೂರ್ಣಗೊಂಡಾಗ 230 ಹಗ್ಗಗಳು, 4,140 ಗೋಳಗಳು, 1,28,340 ನಳಿಕೆಗಳು. ಕಾಯುವ ನೀರಿನ ಗಾತ್ರ ಸುಮಾರು ಒಂದು ಘನ ಕಿಲೋಮೀಟರ್. ಗುರಿ: ವಿಶ್ವದ ನ್ಯೂಟ್ರಿನೊ ನೆಲೆಗಳು.
>
> ಓರ್ಕಾ (ತುಲೋನ್): ಸುಮಾರು 2,450 ಮೀಟರ್ ಆಳ. ಪೂರ್ಣಗೊಂಡಾಗ 115 ಹಗ್ಗಗಳು. ಗೋಳಗಳು ಒತ್ತೊತ್ತಾಗಿರುವುದರಿಂದ ಕಡಿಮೆ ಶಕ್ತಿಯ ನ್ಯೂಟ್ರಿನೊಗಳಿಗೆ ಸೂಕ್ತ. ಗುರಿ: ನ್ಯೂಟ್ರಿನೊದ ದ್ರವ್ಯರಾಶಿಯ ಶ್ರೇಣಿಕ್ರಮ ಮುಂತಾದ ಗುಣಗಳು.

### ಈವರೆಗೆ ಸಿಕ್ಕ ನೆಲೆಗಳು

ನ್ಯೂಟ್ರಿನೊ ಕಳಿಸುತ್ತವೆಂದು ಖಚಿತವಾಗಿ ಗೊತ್ತಿದ್ದ ಆಕಾಶಕಾಯಗಳು ಬಹುಕಾಲ ಎರಡೇ ಇದ್ದವು. ಒಂದು ಸೂರ್ಯ, ಇನ್ನೊಂದು, 1987ರ ಫೆಬ್ರವರಿ 23ರಂದು ನೆರೆಯ ಪುಟ್ಟ ಗೆಲಾಕ್ಸಿಯೊಂದರಲ್ಲಿ ಸ್ಫೋಟಿಸಿದ್ದು ಕಂಡ ಸೂಪರ್‌ನೋವಾ. ಜಪಾನ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ಉಪಕರಣಗಳು ಸೇರಿ ಅದರಿಂದ ಬಂದ ಎರಡು ಡಜನ್ನಿನಷ್ಟು ನ್ಯೂಟ್ರಿನೊಗಳನ್ನು ಹಿಡಿದವು. ಇವೆಲ್ಲ ತುಲನಾತ್ಮಕವಾಗಿ ಕಡಿಮೆ ಶಕ್ತಿಯವು.

ಅಧಿಕ ಶಕ್ತಿಯ ಲೋಕದ ಬಾಗಿಲು ತೆರೆದದ್ದು ದಕ್ಷಿಣ ಧ್ರುವದ ಐಸ್‌ಕ್ಯೂಬ್. ನೀರಿನ ಬದಲು ಮಂಜುಗಡ್ಡೆಯಲ್ಲಿ, 1,450ರಿಂದ 2,450 ಮೀಟರ್ ಆಳದ ನಡುವೆ 5,160 ಬೆಳಕುಗ್ರಾಹಿಗಳನ್ನು ಹುದುಗಿಸಿ 2010ರ ಡಿಸೆಂಬರಿನಲ್ಲಿ ಪೂರ್ಣಗೊಂಡ ಇದು, ಸೌರಮಂಡಲದ ಆಚೆಯಿಂದ ಅಧಿಕ ಶಕ್ತಿಯ ನ್ಯೂಟ್ರಿನೊಗಳು ಬರುತ್ತಿರುವುದಕ್ಕೆ 2013ರಲ್ಲಿ ಪುರಾವೆ ಒದಗಿಸಿತು. ಅವು ಆಕಾಶದ ಎಲ್ಲ ಕಡೆಯಿಂದಲೂ ಬರುತ್ತಿದ್ದವೇ ಹೊರತು ಯಾವುದೇ ಬಿಂದುವಿನತ್ತ ಬೆರಳು ಮಾಡುತ್ತಿರಲಿಲ್ಲ.

ಮೊದಲ ಸುಳಿವು ದೊರೆತದ್ದು 2017ರ ಸೆಪ್ಟೆಂಬರ್ 22ರಂದು. ಆ ದಿನ ಐಸ್‌ಕ್ಯೂಬ್ ಹಿಡಿದ ಒಂದು ನ್ಯೂಟ್ರಿನೊದ ದಿಕ್ಕು 43 ಸೆಕೆಂಡುಗಳೊಳಗೆ ಜಗತ್ತಿನ ವೀಕ್ಷಣಾಲಯಗಳಿಗೆಲ್ಲ ರವಾನೆಯಾಯಿತು. ಅದೇ ದಿಕ್ಕಿನಲ್ಲಿ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಗಾಮಾ ಕಿರಣಗಳಲ್ಲಿ ಎಂದಿಗಿಂತ ಪ್ರಖರವಾಗಿರುವುದು ಕಂಡುಬಂತು. ಗೆಲಾಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯಿಂದ ಚಿಮ್ಮುವ ಕಣಗಳ ಧಾರೆ ನೇರವಾಗಿ ಭೂಮಿಯತ್ತ ಮುಖ ಮಾಡಿದ್ದರೆ ಅದನ್ನು ಬ್ಲೇಜಾರ್ ಎನ್ನುತ್ತಾರೆ. 2021ರ ಏಪ್ರಿಲ್‌ನಲ್ಲಿ ಬೈಕಲ್ ದೂರದರ್ಶಕಕ್ಕೂ ಇದೇ ಬ್ಲೇಜಾರ್ ಇರುವ ಕಡೆಯಿಂದ ಅಧಿಕ ಶಕ್ತಿಯ ನ್ಯೂಟ್ರಿನೊವೊಂದು ಬಂತು.

2022ರಲ್ಲಿ ಐಸ್‌ಕ್ಯೂಬ್ ಇನ್ನೊಂದು ನೆಲೆಯನ್ನು ಮುಂದಿಟ್ಟಿತು. ತಿಮಿಂಗಿಲ ತಾರಾಪುಂಜದ ದಿಕ್ಕಿನಲ್ಲಿ, 4.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ ಎನ್‌ಜಿಸಿ 1068 ಗೆಲಾಕ್ಸಿಯಿಂದ ಸುಮಾರು 79 ನ್ಯೂಟ್ರಿನೊಗಳು ಬಂದಿರಬೇಕೆಂಬ ಲೆಕ್ಕ ಅದು. ಮರು ವರ್ಷ ನಮ್ಮದೇ ಆಕಾಶಗಂಗೆಯ ತಟ್ಟೆಯಿಂದ ಬರುವ ನ್ಯೂಟ್ರಿನೊಗಳ ಪುರಾವೆ ಪ್ರಕಟವಾಯಿತು. ಆಕಸ್ಮಿಕದ ಸಂಭವ ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿದಾಗ ಮಾತ್ರ ‘ಶೋಧ’ ಎಂಬ ಮಾತನ್ನು ಬಳಸುವುದು ಕಣಭೌತವಿಜ್ಞಾನದ ಕಟ್ಟುಪಾಡು. ಪ್ರಕಟವಾದಾಗ ಈ ಮೂರರಲ್ಲಿ ಯಾವುದೂ ಆ ಗೆರೆಯನ್ನು ದಾಟಿರಲಿಲ್ಲ.

ದಕ್ಷಿಣ ಧ್ರುವದಲ್ಲಿ ಇಂಥ ಯಂತ್ರವಿರುವಾಗ ಕಡಲಿಗೇಕೆ ಇಳಿಯಬೇಕೆಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಮೊದಲನೆಯದು ದಿಕ್ಕಿನ ನಿಖರತೆ. ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದ ಧೂಳು ಮತ್ತು ಗಾಳಿಯ ಅಂಶ ಬೆಳಕನ್ನು ಚದುರಿಸುತ್ತದೆ. ಆಳದ ನೀರಿನಲ್ಲಿ ಬೆಳಕು ಹೀರಲ್ಪಡುವುದು ಬೇಗವಾದರೂ ಚದುರುವುದು ಕಡಿಮೆ. ಕೆಎಂ3ನೆಟ್‌ನ ಸಿಸಿಲಿ ಘಟಕವಾದ ಆರ್ಕಾ ಪೂರ್ಣಗೊಂಡಾಗ ಅತ್ಯಧಿಕ ಶಕ್ತಿಯ ಮ್ಯುವಾನುಗಳ ದಿಕ್ಕನ್ನು ಡಿಗ್ರಿಯ ಹತ್ತನೇ ಒಂದಂಶಕ್ಕಿಂತ ಸೂಕ್ಷ್ಮವಾಗಿ ಹೇಳಬಲ್ಲದೆಂಬ ನಿರೀಕ್ಷೆಯಿದೆ. ಹುಣ್ಣಿಮೆಯ ಚಂದ್ರಬಿಂಬದ ಅಗಲವೇ ಅರ್ಧ ಡಿಗ್ರಿ.

ಎರಡನೆಯದು ನೋಟದ ದಿಕ್ಕು. ಭೂಮಿಯನ್ನೇ ಜರಡಿಯಾಗಿ ಬಳಸುವ ಈ ದೂರದರ್ಶಕಗಳು ತಮ್ಮ ಕಾಲ ಕೆಳಗಿನ ಆಕಾಶವನ್ನು ಚೆನ್ನಾಗಿ ನೋಡಬಲ್ಲವು. ದಕ್ಷಿಣ ಧ್ರುವದಿಂದ ನೋಡಿದರೆ ಆಕಾಶಗಂಗೆಯ ಕೇಂದ್ರ ಸದಾ ದಿಗಂತದ ಮೇಲಿರುತ್ತದೆ. ಮೆಡಿಟರೇನಿಯನ್‌ನಿಂದ ಅದು ದಿನದ ಬಹುಪಾಲು ದಿಗಂತದ ಕೆಳಗಿರುತ್ತದೆ. ಹೀಗೆ ಉತ್ತರ ಗೋಳಾರ್ಧದ ಕಡಲು ಮತ್ತು ದಕ್ಷಿಣ ಧ್ರುವದ ಮಂಜುಗಡ್ಡೆ ಒಂದಕ್ಕೊಂದು ಪೂರಕವಾಗಿವೆ.

### ಹದಿನೇಳು ಶಂಕಿತರು

2023ರ ನ್ಯೂಟ್ರಿನೊ ಕೆಳಗಿನಿಂದಲೂ ಬರಲಿಲ್ಲ, ಮೇಲಿನಿಂದಲೂ ಬರಲಿಲ್ಲ. ದಿಗಂತಕ್ಕಿಂತ ಒಂದು ಡಿಗ್ರಿಗೂ ಕಡಿಮೆ ಎತ್ತರದಿಂದ, ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಬಂತು. ಇದರಲ್ಲಿ ಅಚ್ಚರಿಯೇನೂ ಇಲ್ಲ. ಶಕ್ತಿ ಹೆಚ್ಚಿದಂತೆ ನ್ಯೂಟ್ರಿನೊ ವಸ್ತುವಿನೊಡನೆ ವ್ಯವಹರಿಸುವ ಸಾಧ್ಯತೆಯೂ ಹೆಚ್ಚುವುದರಿಂದ, ಈ ಮಟ್ಟದ ನ್ಯೂಟ್ರಿನೊ ಭೂಗೋಳವನ್ನು ತೂರಿ ಬರಲಾರದು. ಅಡ್ಡ ದಾರಿಯಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ಬಂಡೆ ಮತ್ತು ನೀರು ಎದುರಾಗುತ್ತದೆ. ವಾಯುಮಂಡಲದಲ್ಲಿ ಹುಟ್ಟಿದ ಯಾವ ಮ್ಯುವಾನೂ ಅಷ್ಟನ್ನು ದಾಟಿ ಉಳಿಯಲಾರದಾದ್ದರಿಂದ, ಕಂಡದ್ದು ನ್ಯೂಟ್ರಿನೊದ ಕೂಸೇ ಎಂದು ತೀರ್ಮಾನಿಸಲು ಸಾಧ್ಯವಾಯಿತು.

ಮಹಾವ್ಯಾಧ ತಾರಾಪುಂಜದ ಪಕ್ಕದ, ಮಂಕು ನಕ್ಷತ್ರಗಳ ಏಕಶೃಂಗಿ ಪುಂಜದತ್ತ ಅದರ ದಿಕ್ಕು ಬೆರಳು ಮಾಡುತ್ತದೆ. ಅಲ್ಲಿ ಮೂರು ಡಿಗ್ರಿ ತ್ರಿಜ್ಯದ ವೃತ್ತ ಎಳೆದರೆ ನ್ಯೂಟ್ರಿನೊದ ನೆಲೆ ಅದರೊಳಗಿರುವ ಸಂಭವ ಶೇ 99. ಆ ವೃತ್ತದಲ್ಲಿ ವಿಜ್ಞಾನಿಗಳು ಪಟ್ಟಿ ಮಾಡಿದ ಶಂಕಿತ ಬ್ಲೇಜಾರ್‌ಗಳು ಹದಿನೇಳು. ಅವುಗಳಲ್ಲಿ ಒಂದು ಅದೇ ದಿನಗಳಲ್ಲಿ ರೇಡಿಯೊ ಅಲೆಗಳಲ್ಲಿ ಭುಗಿಲೆದ್ದಿತ್ತು, ಇನ್ನೊಂದರ ಎಕ್ಸ್-ಕಿರಣಗಳು ಏರುಮುಖದಲ್ಲಿದ್ದವು, ಮೂರನೆಯದು ಗಾಮಾ ಕಿರಣಗಳಲ್ಲಿ ಪ್ರಖರವಾಗಿತ್ತು. ಮೂರರ ಮೇಲೂ ಶಂಕೆಗೆ ಒಂದೊಂದು ಕಾರಣ ಇರುವಾಗ ಯಾವುದನ್ನೂ ಅಪರಾಧಿ ಎನ್ನುವಂತಿಲ್ಲ.

ಯಾವುದೂ ಅಲ್ಲದಿರುವ ಸಾಧ್ಯತೆಯೂ ಇದೆ. ಅತ್ಯಧಿಕ ಶಕ್ತಿಯ ಪ್ರೋಟಾನುಗಳು ಮಹಾಸ್ಫೋಟದ ಕಾಲದಿಂದ ಉಳಿದು ಬಂದಿರುವ ಮೈಕ್ರೊವೇವ್ ವಿಕಿರಣಕ್ಕೆ ದಾರಿಯಲ್ಲಿ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳಬೇಕೆಂದು 1966ರಲ್ಲಿ ಅಮೆರಿಕದ ಗ್ರೈಸೆನ್ ಅವರೂ, ರಷ್ಯದ ಜಾಟ್ಸೆಪಿನ್ ಮತ್ತು ಕುಜ್ಮಿನ್ ಅವರೂ ಪ್ರತ್ಯೇಕವಾಗಿ ಲೆಕ್ಕ ಹಾಕಿದ್ದರು. ಅಂಥ ಡಿಕ್ಕಿಗಳಲ್ಲಿ ಹುಟ್ಟುವ ನ್ಯೂಟ್ರಿನೊಗಳಿಗೆ ಯಾವುದೋ ಒಂದು ಗೆಲಾಕ್ಸಿ ಹುಟ್ಟೂರಲ್ಲ, ನಡುದಾರಿಯೇ ಹುಟ್ಟೂರು. ಕಂಡದ್ದು ಅದೇ ಆಗಿದ್ದರೆ ಆ ಬಗೆಯ ಮೊದಲ ನ್ಯೂಟ್ರಿನೊ ಇದಾಗುತ್ತದೆ.

ಈ ನಡುವೆ ಐಸ್‌ಕ್ಯೂಬ್‌ನ ಮೌನ ವಿಜ್ಞಾನಿಗಳನ್ನು ಕಾಡುತ್ತಿದೆ. ಆಗಿನ ಆರ್ಕಾಗಿಂತ ಎಷ್ಟೋ ದೊಡ್ಡದಾದ, ದಶಕಕ್ಕೂ ಮಿಕ್ಕಿ ದುಡಿದ ಆ ಯಂತ್ರಕ್ಕೆ ಇಷ್ಟು ಶಕ್ತಿಯ ಒಂದೂ ನ್ಯೂಟ್ರಿನೊ ಸಿಗದಿರುವಾಗ, ಹತ್ತರಲ್ಲೊಂದು ಭಾಗವಷ್ಟೇ ಕಟ್ಟಿದ್ದ ಉಪಕರಣಕ್ಕೆ ಅದು ಸಿಕ್ಕಿದ್ದು ಹೇಗೆ? ಸದಾಕಾಲ ಸಮನಾಗಿ ಹರಿದು ಬರುವ ಪ್ರವಾಹದ ಒಂದು ಕಣ ಇದೆಂದು ಭಾವಿಸಿದರೆ ಎರಡೂ ಫಲಿತಾಂಶಗಳು ಸುಲಭವಾಗಿ ಹೊಂದುವುದಿಲ್ಲ. ಆರ್ಕಾದ ಅದೃಷ್ಟ ಅಸಾಧಾರಣವಾಗಿರಬೇಕು, ಇಲ್ಲವೇ ಆ ನೆಲೆ ಅಲ್ಪಕಾಲ ಭುಗಿಲೆದ್ದು ಆರಿರಬೇಕು.

### ಮುಂದಿನ ಉತ್ತರ ಕಡಲ ತಳದಲ್ಲಿ

ಗಮನಿಸಬೇಕಾದ ಸಂಗತಿಯೆಂದರೆ, ಆ ವೃತ್ತ ಇಷ್ಟು ದೊಡ್ಡದಾಗಿರುವುದಕ್ಕೆ ನೀರೂ ಕಾರಣವಲ್ಲ, ನಳಿಕೆಗಳೂ ಕಾರಣವಲ್ಲ. ಮ್ಯುವಾನಿನ ಹಾದಿಯನ್ನು ಹಗ್ಗಗಳ ಚೌಕಟ್ಟಿನೊಳಗೆ ಬಹಳ ನಿಖರವಾಗಿಯೇ ಗುರುತಿಸಲಾಗಿದೆ. ಆದರೆ ಆ ಇಡೀ ಚೌಕಟ್ಟು ಭೂಮಿಗೆ ಹೋಲಿಸಿದರೆ ಯಾವ ದಿಕ್ಕಿಗೆ ಎಷ್ಟು ತಿರುಗಿ ನಿಂತಿದೆಯೆಂಬುದರಲ್ಲಿ ಉಳಿದಿರುವ ಸಂದೇಹವೇ ಒಟ್ಟು ಅನಿಶ್ಚಿತತೆಯ ದೊಡ್ಡ ಪಾಲು. ಮೂರೂವರೆ ಕಿಲೋಮೀಟರ್ ನೀರಿನ ಕೆಳಗೆ ಉಪಗ್ರಹ ಸಂಕೇತ ತಲುಪುವುದಿಲ್ಲ; ಹಡಗಿನಿಂದ ಶಬ್ದತರಂಗಗಳನ್ನು ಕಳಿಸಿ ಒಂದೊಂದು ಲಂಗರಿನ ಸ್ಥಾನವನ್ನೂ ಅಳೆಯಬೇಕಾಗುತ್ತದೆ. ಆ ಅಳತೆ ಸುಧಾರಿಸಿದಾಗ, ಎಂದೋ ಹಾಯ್ದು ಹೋದ ಕಣದ ದಿಕ್ಕೂ ಮರುಲೆಕ್ಕಕ್ಕೆ ಬರುತ್ತದೆ, ವೃತ್ತ ಕಿರಿದಾಗುತ್ತದೆ.

ಹೊಸ ದೂರದರ್ಶಕಗಳೂ ಸಾಲುಗಟ್ಟಿವೆ. ಕೆನಡದ ಪಶ್ಚಿಮ ತೀರದಾಚೆ 2,660 ಮೀಟರ್ ಆಳದಲ್ಲಿ, ಸಾಗರ ಸಂಶೋಧನೆಗೆಂದು ಈಗಾಗಲೇ ಹಾಸಿರುವ ಕೇಬಲ್ ಜಾಲವನ್ನೇ ಬಳಸಿಕೊಳ್ಳುವ ಪಿ-ಒನ್ ರೂಪುಗೊಳ್ಳುತ್ತಿದೆ. ದಕ್ಷಿಣ ಚೀನಾ ಸಮುದ್ರದ ಸುಮಾರು 3,500 ಮೀಟರ್ ಆಳದಲ್ಲಿ, ಐಸ್‌ಕ್ಯೂಬ್‌ನ ಹಲವು ಪಟ್ಟು ಗಾತ್ರದ ಟ್ರೈಡೆಂಟ್ ಎಂಬ ಉಪಕರಣವನ್ನು ಚೀನಾದ ವಿಜ್ಞಾನಿಗಳು ಯೋಜಿಸಿದ್ದಾರೆ. ಬೇರೆ ಬೇರೆ ರೇಖಾಂಶಗಳಲ್ಲಿ ಹರಡಿದ ಇವೆಲ್ಲ ಕೂಡಿದರೆ, ಆಕಾಶದ ಯಾವ ಭಾಗವೂ ಹೆಚ್ಚು ಹೊತ್ತು ಕಣ್ತಪ್ಪುವುದಿಲ್ಲ.

ಕಿರಿದಾದ ವೃತ್ತದೊಳಗೆ ಒಂದೆರಡೇ ಬ್ಲೇಜಾರ್‌ಗಳು ಉಳಿದರೆ ಅವುಗಳ ಮೇಲಿನ ಶಂಕೆ ಬಲವಾಗುತ್ತದೆ. ಅದೇ ದಿಕ್ಕಿನಿಂದ ಎರಡನೆಯ ನ್ಯೂಟ್ರಿನೊ ಬಂದರೆ ಮೊಕದ್ದಮೆ ಬಹುಮಟ್ಟಿಗೆ ಮುಗಿದಂತೆಯೇ. ಒಂದೂ ಉಳಿಯದೆ, 230 ಹಗ್ಗಗಳ ಆರ್ಕಾಗೆ ಇಷ್ಟೇ ಶಕ್ತಿಯ ನ್ಯೂಟ್ರಿನೊಗಳು ದಿಕ್ಕು ದಿಕ್ಕುಗಳಿಂದ ಸಿಗತೊಡಗಿದರೆ, 1966ರ ಲೆಕ್ಕಾಚಾರಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಇನ್ನೊಂದೂ ಬಾರದೆ ವರ್ಷಗಳು ಕಳೆದರೆ, ಅಲ್ಪಕಾಲ ಉರಿದು ಆರುವ ನೆಲೆಗಳ ಪಟ್ಟಿಯನ್ನು ಖಗೋಳವಿಜ್ಞಾನಿಗಳು ಹೊಸದಾಗಿ ತೆರೆಯಬೇಕಾಗುತ್ತದೆ. ಮೂರರಲ್ಲಿ ಯಾವುದು ನಿಜವಾದರೂ, ವಿಕ್ಟರ್ ಹೆಸ್ ಹುಟ್ಟುಹಾಕಿದ ಪ್ರಶ್ನೆಯ ಉತ್ತರಕ್ಕೆ ವಿಜ್ಞಾನ ಇಂದಿಗಿಂತ ಹತ್ತಿರವಾಗಿರುತ್ತದೆ.